ಪದಚರ್ಚೆ: ಚೀನಾದ ‘ಛುವಾರ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ನಮ್ಮ ಸಂಘದ ಸಂಚಿಕೆಗೆ ಚೀನಾ ಪ್ರವಾಸದ ಬರಹ ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪುಟ ಅಚ್ಚಿಗೆ ಹೋಗುತ್ತದೆ. ಒಂದು ಪದದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ: ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ತಿನಿಸಿನದು.

ಊರು ಶಾನ್‌ಡಾಂಗ್ ಪ್ರಾಂತ್ಯದ ಜಿಬೊ. 2023ರಲ್ಲಿ ಇಲ್ಲಿನ ಬೀದಿ ಊಟದ ವಿಡಿಯೊಗಳು ಹಬ್ಬಿ, ಚೀನಾದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬಂದಿದ್ದರು. ಕುಳ್ಳ ಮೇಜು, ಕುಳ್ಳ ಸ್ಟೂಲು, ಪ್ರತಿ ಮೇಜಿಗೂ ಒಂದು ಪುಟ್ಟ ಕೆಂಡದ ಒಲೆ. ಕಡ್ಡಿಗೆ ಚುಚ್ಚಿದ ಮಾಂಸವನ್ನು ಅಂಗಡಿಯವರು ದೊಡ್ಡ ಒಲೆಯಲ್ಲಿ ಮುಕ್ಕಾಲು ಬೇಯಿಸಿ ತಂದುಕೊಡುತ್ತಾರೆ. ಉಳಿದದ್ದು ನಮ್ಮ ಕೆಲಸ. ಅಂಗೈ ಮೇಲೆ ತೆಳ್ಳನೆ ರೊಟ್ಟಿ ಹರಡಬೇಕು. ಸಾಸು ಸವರಿ, ಎಳೆ ಈರುಳ್ಳಿ ದಂಟು ಇಟ್ಟು, ಅದರ ಮೇಲೆ ಮಾಂಸವನ್ನು ಕಡ್ಡಿ ಸಮೇತ ಇಡಬೇಕು. ರೊಟ್ಟಿ ಮಡಚಿ ಬಿಗಿಯಾಗಿ ಅದುಮಿ ಹಿಡಿದು ಕಡ್ಡಿಯನ್ನು ಹಿರಿಯಬೇಕು. ಮೊದಲ ಸಲ ನನ್ನ ರೊಟ್ಟಿ ಹರಿಯಿತು. ಪಕ್ಕದ ಮೇಜಿನ ಅಜ್ಜಿ ಎದ್ದು ಬಂದು, ನನ್ನ ಬೆರಳುಗಳನ್ನು ತಮ್ಮ ಕೈಯಲ್ಲಿ ಒತ್ತಿ ಹಿಡಿದು ತೋರಿಸಿಕೊಟ್ಟರು.

ಈ ಬಗೆಯ ಅಡುಗೆಗೆ ಅವರು ‘ಷಾವ್‌ಖಾವ್’ ಎನ್ನುತ್ತಾರೆ. ಒಂದೊಂದು ಕಡ್ಡಿಗೆ ‘ಛುವಾನ್’, ಉತ್ತರದವರ ಬಾಯಲ್ಲಿ ‘ಛುವಾರ್’. ಅದರ ಅಕ್ಷರವೇ ಚಿತ್ರದ ಹಾಗಿದೆ: ಮೇಲೆ ಕೆಳಗೆ ಎರಡು ತುಂಡು, ನಡುವೆ ತೂರಿ ಹೋದ ಒಂದು ಗೆರೆ. ಅಂಗಡಿ ಮುಂದೆ ಕೆಂಪು ದೀಪದಲ್ಲಿ ಅದೊಂದೇ ಅಕ್ಷರ ಉರಿಯುತ್ತಿದ್ದರೆ ಸಾಕು, ಭಾಷೆ ಬರದವರಿಗೂ ಗೊತ್ತಾಗುತ್ತದೆ. ಇದೇ ಪದವನ್ನು ದ್ರಾಕ್ಷಿಗೂ ಬೀಗದಕೈಗೂ ಮುತ್ತಿಗೂ ಬಳಸುತ್ತಾರೆ. ನಮ್ಮಲ್ಲಿ ಮೊದಲೆರಡಕ್ಕೆ ಗೊಂಚಲು, ಮೂರನೆಯದಕ್ಕೆ ಸರ. ಮಾಂಸಕ್ಕೆ?

‘ಕಬಾಬ್’ ಬೇಡ. ನಮ್ಮ ಓದುಗರಿಗೆ ಕಬಾಬ್ ಅಂದರೆ ಎಣ್ಣೆಯಲ್ಲಿ ಕರಿದ ಕೆಂಪು ಕೋಳಿ ತುಂಡು. ಇದರಲ್ಲಿ ಕರಿಯುವ ಮಾತೇ ಇಲ್ಲ.

— ಪ್ರಶ್ನೆ ಕೇಳಿದವನು

—

ಪದ ಇದೆ. ಹುಡುಕುವ ಅಗತ್ಯವಿಲ್ಲ. ‘ಶೂಲ್ಯ’, ಅಂದರೆ ಶೂಲಕ್ಕೆ ಚುಚ್ಚಿ ಸುಟ್ಟ ಮಾಂಸ. ಸಂಸ್ಕೃತ ನಿಘಂಟು ಅಮರಕೋಶದಲ್ಲಿ ಶೂಲಾಕೃತ, ಭಟಿತ್ರ, ಶೂಲ್ಯ ಮೂರೂ ಒಟ್ಟಿಗೇ ಬರುತ್ತವೆ. ಇದ್ದ ಪದ ಬಿಟ್ಟು ಹೊಸದು ಹೊಸೆಯುವುದು ಯಾಕೆ?

— ಧಾರವಾಡ

—

ಶೂಲ್ಯ ನಡೆಯುವುದಿಲ್ಲ. ಕನ್ನಡದ ಕಿವಿಗೆ ಶೂಲ ಅಂದರೆ ಒಂದೋ ಶೂಲಕ್ಕೇರಿಸುವುದು, ಇಲ್ಲವೇ ಹೊಟ್ಟೆಶೂಲೆ. ಎರಡೂ ಊಟದ ಜಾಗಕ್ಕೆ ಸಲ್ಲವು.

‘ಸುಟ್ಟ ಬಾಡು’ ಅನ್ನಿ, ಮುಗಿಯಿತು. ಸುಡು ನಮ್ಮದು, ಬಾಡು ನಮ್ಮದು. ಬಾರ್ಬೆಕ್ಯೂ ಅಂತ ಇಂಗ್ಲಿಷ್ ಮಾತ್ರ ತುರುಕಬೇಡಿ. ಇನ್ನೊಂದು ಮಾತು. ಷಾವ್‌ಖಾವ್‌ನಲ್ಲಿ ಆ ಷ, ಆ ಖ ಯಾಕೆ? ನಮ್ಮ ಜನ ಅವನ್ನು ಉಲಿಯುವುದಿಲ್ಲ. ಶಾವ್‌ಕಾವ್ ಸಾಕು.

— ಮಂಡ್ಯ

—

ಬಾರ್ಬೆಕ್ಯೂ ಇಂಗ್ಲಿಷರ ಸ್ವಂತ ಪದವಲ್ಲ. ಅದು ಕೆರಿಬಿಯನ್ ದ್ವೀಪಗಳ ಮೂಲ ಜನರ ಮಾತು. ಸ್ಪ್ಯಾನಿಷ್‌ನಲ್ಲಿ ಬಾರ್ಬಕೋವಾ ಆಗಿ ಇಂಗ್ಲಿಷಿಗೆ ಬಂತು. ಯಾರದ್ದೆಂದು ನೋಡದೆ ಬೈಯುವುದು ಸರಿಯಲ್ಲ.

ಕಬಾಬ್‌ ಅನ್ನೂ ಅಷ್ಟು ಸುಲಭವಾಗಿ ತಳ್ಳಬೇಡಿ. ಚೀನಾದ ವಾಯವ್ಯದ ಶಿನ್‌ಜಿಯಾಂಗ್‌ನ ಉಯ್ಘರ್ ಜನ ಇದೇ ಕುರಿ ಕಡ್ಡಿಯನ್ನು ‘ಕಾವಾಪ್’ ಎನ್ನುತ್ತಾರೆ. ಅದು ಕಬಾಬೇ. ಅದರ ಮೇಲೆ ಉದುರಿಸುವ ಪುಡಿ ಯಾವುದು ಅಂತ ಕೇಳಿದ್ದೀರಾ? ಚೀನೀ ಭಾಷೆಯಲ್ಲಿ ‘ತ್ಸಿರಾನ್’. ಉಯ್ಘರರ ‘ಜಿರೆ’ಯಿಂದ ಬಂದದ್ದು. ಅದಕ್ಕೆ ಹಿಂದೆ ಪಾರಸಿಯ ‘ಜೀರಾ’. ಅದರ ನಂಟಿನದೇ ಸಂಸ್ಕೃತದ ಜೀರಕ, ನಮ್ಮ ಜೀರಿಗೆ. ನಮ್ಮ ಸಾರಿನ ಒಗ್ಗರಣೆಯ ಪದವೂ ಅಲ್ಲಿನ ಕೆಂಡದ ಮೇಲೆ ಬೀಳುವ ಪದವೂ ಒಂದೇ ಬಳಗದವು. ಪದಗಳು ಒಂಟೆ ಹತ್ತಿ ಹಡಗು ಹತ್ತಿ ತಿರುಗಿವೆ. ಅವಕ್ಕೆ ಗಡಿ ಹಾಕಲು ಹೊರಟರೆ ಜೀರಿಗೆ ಡಬ್ಬಿಯೂ ಖಾಲಿಯಾದೀತು.

— ಮಂಗಳೂರು

—

ಜೀರಿಗೆ ನಮ್ಮ ಬಾಯಲ್ಲಿ ಪಳಗಿ ಜೀರಿಗೆ ಆಯಿತು. ಪಳಗಿಸದೆ ಹಾಗೇ ತಂದಿಡುವುದಕ್ಕೆ ನನ್ನ ಆಕ್ಷೇಪ. ಎರಡನ್ನೂ ಬೆರೆಸಬೇಡಿ.

— ಮಂಡ್ಯ

—

ಎಲ್ಲರಿಗೂ ಧನ್ಯವಾದ. ಜೀರಿಗೆಯ ವಿಷಯ ಬರಹಕ್ಕೆ ಸೇರಿಸಿದೆ. ಅಂಗಡಿಯಾತ ಮೆಣಸಿನ ಪುಡಿಯ ಡಬ್ಬಿ ತೋರಿಸಿ ‘ಯಾವ್ ಲಾ ಮಾ?’ ಅಂದಿದ್ದ. ಖಾರ ಬೇಕಾ ಅಂತ. ಜೀರಿಗೆಗೆ ಆತ ಕೇಳಲೇ ಇಲ್ಲ, ಸುಮ್ನೆ ಮುಷ್ಟಿ ತುಂಬ ಉದುರಿಸಿದ.

ಮಂಡ್ಯದವರೇ, ಖ ಬಿಡಲಾರೆ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಬದಲಾದರೆ ಅರ್ಥವೇ ಬದಲಾಗುತ್ತದೆ. ಖಾವ್ ಅಂದರೆ ಸುಡುವುದು. ಸ್ವರದ ಏರಿಳಿತಕ್ಕೆ ತಕ್ಕಂತೆ ಕಾವ್ ಬೇರೆ ಪದ, ‘ಎತ್ತರ’ ಅಂತಲೂ ಆಗುತ್ತದೆ. ರೋಮನ್ ಅಕ್ಷರದಲ್ಲಿ ಬರೆದಾಗ ಇದು ನಮ್ಮವರ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಲಿಪಿಯಲ್ಲಿ ಅದಕ್ಕೆ ಮನೆ ಸಿದ್ಧವಾಗಿದೆ. ಇದ್ದ ಮನೆಗೆ ಬೀಗ ಹಾಕುವುದು ಯಾಕೆ? ಬೀಜಿಂಗ್, ಜಿಬೊ ಆಗಲೇ ರೂಢಿಯಾಗಿವೆ, ಅವು ಹಾಗೇ ಇರಲಿ.

‘ಸುಟ್ಟ ಬಾಡು’ ನನಗೂ ಇಷ್ಟವಾಗಿತ್ತು. ಆದರೆ ಕಡ್ಡಿಗೆ ಅಣಬೆ ಚುಚ್ಚುತ್ತಾರೆ, ತೋಫು ಚುಚ್ಚುತ್ತಾರೆ, ಸೊಪ್ಪನ್ನೂ ಸಾಲಾಗಿ ಪೋಣಿಸುತ್ತಾರೆ. ಬಾಡು ಅಂದರೆ ಇವೆಲ್ಲ ಹೊರಗೆ ಉಳಿಯುತ್ತವೆ. ಮತ್ತೆ ನಿಮ್ಮ ಕಡೆಯಲ್ಲೇ ಸುಡುವುದು ಅಂದರೆ ತಲೆಕಾಲು ಸುಡುವುದು ನೆನಪಾಗುತ್ತದೆ, ಅಲ್ವಾ? ಅದು ಕೂದಲು ತೆಗೆಯಲು, ತಿನ್ನುವ ಹದಕ್ಕಲ್ಲ.

ನಾನು ‘ಕೆಂಡಕಡ್ಡಿ’ ಅಂತ ಯೋಚಿಸಿದ್ದೇನೆ.

— ಪ್ರಶ್ನೆ ಕೇಳಿದವನು

—

ಕೆಂಡಗಡ್ಡಿ. ಆದೇಶ ಸಂಧಿ.

— ಧಾರವಾಡ

—

ಬೆಂಕಿಕಡ್ಡಿಯನ್ನು ಯಾರೂ ಬೆಂಕಿಗಡ್ಡಿ ಅನ್ನುವುದಿಲ್ಲ, ಸರ್. ಊದುಕಡ್ಡಿಯೂ ಊದುಗಡ್ಡಿ ಆಗಿಲ್ಲ. ಕಡ್ಡಿ ತನ್ನ ಕಕಾರ ಬಿಟ್ಟುಕೊಡುವುದಿಲ್ಲ. ಗಡ್ಡಿ ಅಂದ ಕೂಡಲೇ ಅದು ಕಡ್ಡಿಯಾಗಿ ಉಳಿಯುವುದೂ ಇಲ್ಲ.

— ಪ್ರಶ್ನೆ ಕೇಳಿದವನು

—

ಬಳಕೆ ತಪ್ಪಾಗಿದ್ದರೆ ತಪ್ಪನ್ನೇ ಮಾದರಿ ಮಾಡಬೇಕೆ? ನನ್ನ ಮಾತು ಇಷ್ಟೇ.

— ಧಾರವಾಡ

—

ಕೆಂಡಕಡ್ಡಿಗೆ ನನ್ನ ಒಪ್ಪಿಗೆ ಇದೆ. ಕಬ್ಬಿಣದ್ದಾದರೆ ಕಂಬಿ ಅನ್ನಬೇಕು, ಅದನ್ನು ಮರೆಯಬೇಡಿ. ‘ಹಿರಿಯಬೇಕು’ ಬೇಡ. ‘ಎಳೆಯಬೇಕು’ ಸಾಕು. ಹಿರಿ ಯಾರ ಬಾಯಲ್ಲಿದೆ ಈಗ?

— ಮಂಡ್ಯ

—

ಪುಟ ಕಳಿಸಿದೆ. ಮೊದಲ ಸಲ ‘ಛುವಾರ್, ಅಂದರೆ ಕೆಂಡಕಡ್ಡಿ’. ಆಮೇಲೆ ಬರೀ ಕಡ್ಡಿ, ಯಾಕೆಂದರೆ ಅಲ್ಲಿ ಕೇಳುವುದೇ ಹಾಗೆ. ಹತ್ತು ಕಡ್ಡಿ ಕುರಿ, ಎರಡು ಕಡ್ಡಿ ಅಣಬೆ. ನಾವು ಹೂವಿನಂಗಡಿಯಲ್ಲಿ ಎರಡು ಮೊಳ ಮಲ್ಲಿಗೆ ಕೇಳಿದ ಹಾಗೆ.

ಹಿರಿ ಉಳಿಸಿಕೊಂಡೆ. ಎಳೆದಾಗ ರೊಟ್ಟಿ ಹರಿದಿತ್ತು. ಅಜ್ಜಿ ಮಾಡಿದ್ದು ಬೇರೆ. ಎಡಗೈಯಲ್ಲಿ ರೊಟ್ಟಿಯನ್ನು ಒರೆಯ ಹಾಗೆ ಬಿಗಿಹಿಡಿದು, ಬಲಗೈಯಲ್ಲಿ ಒಂದೇ ನೇರಕ್ಕೆ ಕಡ್ಡಿ ತೆಗೆದರು. ತುಂಡುಗಳೆಲ್ಲ ಒಳಗೇ ಉಳಿದವು, ಕಡ್ಡಿ ಬರಿದಾಗಿ ಹೊರಗೆ ಬಂತು. ಒರೆಯಿಂದ ಕತ್ತಿ ಹಿರಿಯುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

— ಪ್ರಶ್ನೆ ಕೇಳಿದವನು