‘ಗೋಡೆಯ ಕಲೆ’ ಎಂದರೆ ನಿಮಗೆ ಯಾವ ಕಲೆ ಕಾಣುತ್ತದೆ?

ಎಲ್ಲರಿಗೂ ನಮಸ್ಕಾರ.

ಒಡೆದ ಪಿಂಗಾಣಿ ತಟ್ಟೆ, ಖಾಲಿ ಬಾಟಲಿ, ಹಳೆಯ ಚಮಚ, ಬೀಗ ಕಳೆದುಹೋದ ಬೀಗದ ಕೈ. ಇಂಥ ದಿನಬಳಕೆಯ ವಸ್ತುಗಳಿಂದ ಮನೆಗೂ ಕೈತೋಟಕ್ಕೂ ಏನೇನು ಮಾಡಿಕೊಳ್ಳಬಹುದು ಎಂದು ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಾಡುವ ಬಗೆ ಬರೆಯುವುದು ಕಷ್ಟವಾಗಲಿಲ್ಲ. ಹೆಸರುಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲ ಕರಡಿಗೆ ‘ಅಗ್ಗದಲ್ಲಿ ಗೋಡೆಯ ಕಲೆ’ ಎಂದು ತಲೆಬರಹ ಕೊಟ್ಟಿದ್ದೆ. ಓದಿ ನೋಡಲು ಕೊಟ್ಟ ಗೆಳತಿಯೊಬ್ಬರು ನಾಲ್ಕು ಪುಟ ತಿರುಗಿಸಿ, “ಕಲೆ ತೆಗೆಯೋದು ಹೇಗೆ ಅಂತ ಎಲ್ಲಿ ಬರೆದಿದ್ದೀರಿ?” ಎಂದು ಕೇಳಿದರು. ಗೋಡೆ ಮೇಲಿನ ಎಣ್ಣೆ ಕಲೆ, ನೀರಿನ ಕಲೆ ಅವರ ಮನಸ್ಸಿನಲ್ಲಿತ್ತು. ಅವರ ಓದು ಸರಿಯಾಗಿಯೇ ಇದೆ, ಅಲ್ವಾ?

ಇಲ್ಲಿರುವುದು ಎರಡು ಬೇರೆ ಪದಗಳು. ಸಂಸ್ಕೃತದ ಮಾಲಾ ನಮ್ಮಲ್ಲಿ ಮಾಲೆಯಾದಂತೆ, ಶಾಲಾ ಶಾಲೆಯಾದಂತೆ, ಕಲಾ ಎಂಬುದು ಕಲೆಯಾಯಿತು. ಗಾಯ ಮಾಗಿದ ಮೇಲೆ ಉಳಿಯುವ ಗುರುತು, ಬಟ್ಟೆಗೆ ಅಂಟಿದ ಕರೆ, ಅದು ಕನ್ನಡದ್ದೇ ಕಲೆ. ‘ಚಿತ್ರಕಲೆ’ ಎಂದರೆ ಯಾರಿಗೂ ಗೊಂದಲವಿಲ್ಲ. ‘ಅಂಗಿಯ ಕಲೆ’ ಎಂದರೂ ಇಲ್ಲ. ಆದರೆ ಗೋಡೆ, ನೆಲ, ಮೇಜು, ಹೂಕುಂಡ ಎಂದ ಕೂಡಲೇ ಎರಡೂ ಕಲೆ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಕಲಾಶಾಲೆಯ ಕಲೆಗೆ ಈ ತೊಂದರೆ ಇಲ್ಲ. ಮನೆಯ ಕಲೆಗೆ ಮಾತ್ರ ಇದೆ. ನನ್ನ ಕೈಪಿಡಿ ಪೂರ್ತಿ ಇರುವುದೇ ಮನೆಯೊಳಗೆ.

ಮೂರನೆಯದೂ ಒಂದಿದೆ: ಕಲೆತು, ಕಲೆಹಾಕು ಎಂಬಲ್ಲಿ ಬರುವ ಕಲೆ. ಕೂಡು, ಸೇರು ಎಂಬ ಅರ್ಥದ್ದು. ನನಗೆ ಇದರ ಮೇಲೆ ತುಂಬಾ ಪ್ರೀತಿ. ಈ ಕೆಲಸ ಶುರುವಾಗುವುದೇ ಕಲೆಹಾಕುವುದರಿಂದ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಸೇರಿಸಿ ಗೂಳಿಯ ತಲೆ ಮಾಡಿದರು. ಕೆತ್ತಿದ್ದಿಲ್ಲ, ಬಳಿದದ್ದಿಲ್ಲ. ಎರಡು ವಸ್ತು ಕಲೆತವು, ಅಷ್ಟೇ. ಇಂಥದ್ದಕ್ಕೆ ‘ಜೋಡಣೆ’ ಎನ್ನಬಹುದು. ಆದರೆ ಯಂತ್ರದ ಬಿಡಿಭಾಗ ಜೋಡಿಸಿದ ಹಾಗೆ ಕೇಳಿಸುತ್ತದೆ. ‘ಕೂಡುಕಲೆ’ ಎಂದರೆ ಹೇಗೆ? ನಿಮ್ಮ ಕಿವಿಗೆ ಹಿಡಿಸುತ್ತದೆಯೇ?

ಗೊಂದಲ ಬೇಡವೆಂದರೆ ‘ಕಲಾಕೃತಿ’ ಇದೆ, ನಿಜ. ಆದರೆ ಚಮಚಗಳನ್ನು ದಾರಕ್ಕೆ ಕಟ್ಟಿ ಗಾಳಿಗೆ ತೂಗುಬಿಡುವವರಿಗೆ ಆ ಪದ ದೊಡ್ಡದಾಯಿತು. ‘ಇದು ನನ್ನಂಥವರ ಕೆಲಸವಲ್ಲ’ ಎಂದು ಓದುಗರು ಹಿಂದೆ ಸರಿದರೆ ನಾನು ಬರೆದೂ ಪ್ರಯೋಜನವಿಲ್ಲ. ‘ಚಿತ್ತಾರ’ ನನಗೆ ಬಹಳ ಇಷ್ಟ. ಅದಕ್ಕೆ ಒಂದು ಮೈ ಬೇಕು, ಗೆರೆ ಬಣ್ಣ ಬೇಕು. ಗೋಡೆಗೆ ಒಗ್ಗುತ್ತದೆ, ಬಾಟಲಿಗಳನ್ನು ಸಿಕ್ಕಿಸಿದ ಕಂಬಕ್ಕೆ ಒಗ್ಗುವುದಿಲ್ಲ.

‘ಅಗ್ಗ’ವನ್ನು ಆಗಲೇ ಹೊಡೆದುಹಾಕಿದ್ದೇನೆ. ಅಗ್ಗದ ಮಾತು, ಅಗ್ಗದ ಪ್ರಚಾರ ಎಂದೆಲ್ಲ ಹೇಳಿ ಹೇಳಿ ಆ ಪದದಲ್ಲಿ ತಾತ್ಸಾರ ಸೇರಿಕೊಂಡಿದೆ. ‘ಕಡಿಮೆ ಖರ್ಚಿನ’ ಸಾಕು.

‘ಕಸದಿಂದ ರಸ’ ಬಳಸಿ ಎಂದು ಹಲವರು ಹೇಳಿದರು. ಪ್ರಾಸ ಚೆನ್ನಾಗಿದೆ, ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ತಟ್ಟೆ ಒಡೆದ ಕೂಡಲೇ ಕಸವಾಗುವುದಿಲ್ಲ. ಹಾಗೆ ಕರೆದರೆ ಮಾಡುವ ಮೊದಲೇ ಅದನ್ನು ಕೀಳು ಮಾಡಿದಂತೆ. ‘ಮರುಬಳಕೆ’ಯಲ್ಲಿ ಬೇರೆ ಕೊರತೆ. ಅಪ್‌ಸೈಕ್ಲಿಂಗ್, ಅಂದರೆ ಹಳೆಯ ವಸ್ತುವಿನ ಬೆಲೆ ಏರುವಂತೆ ಮತ್ತೆ ಬಳಸುವುದು, ಎಂಬ ಮಾತನ್ನು 1994ರಲ್ಲಿ ರೈನರ್ ಪಿಲ್ಟ್ಸ್ ಎಂಬ ಜರ್ಮನ್ ಎಂಜಿನಿಯರ್ ಬಳಸಿದ್ದು, ಇಟ್ಟಿಗೆಗಳನ್ನು ಪುಡಿಮಾಡುವ ಮರುಬಳಕೆಯಲ್ಲಿ ವಸ್ತುವಿನ ಬೆಲೆ ಇಳಿಯುತ್ತದೆ ಎಂದು ತೋರಿಸಲು. ಏರುವುದೋ ಇಳಿಯುವುದೋ ನಮ್ಮ ‘ಮರುಬಳಕೆ’ ಹೇಳುವುದಿಲ್ಲ. ‘ಮೇಲ್ಬಳಕೆ’ ಎಂದು ಬರೆದು ನೋಡಿದೆ. ಮುಲಾಮಿನ ಡಬ್ಬಿಯ ಮೇಲಿನ ಸೂಚನೆಯಂತಿದೆ.

ಇನ್ನು ಚೂರುಗಳ ಕೆಲಸ. ಒಡೆದ ಹೆಂಚು, ಪಿಂಗಾಣಿ ಚೂರುಗಳನ್ನು ಒತ್ತಾಗಿ ಅಂಟಿಸುವುದಕ್ಕೆ ಕ್ಯಾಟಲನ್ ಭಾಷೆಯಲ್ಲಿ ‘ಟ್ರೆಂಕಾಡಿಸ್’ ಎನ್ನುತ್ತಾರೆ. ಬಾರ್ಸಿಲೋನಾದ ಪಾರ್ಕ್ ಗುಯೆಲ್ ಎಂಬ ಉದ್ಯಾನದಲ್ಲಿ ವಾಸ್ತುಶಿಲ್ಪಿ ಗೌಡಿ ಮಾಡಿಸಿದ ಬೆಂಚು ಇದಕ್ಕೆ ಹೆಸರುವಾಸಿ. ಆ ಪದದ ಬೇರು ‘ಒಡೆ’ ಎಂಬ ಕ್ರಿಯಾಪದ. ಸೊಗಸಾದ ಮಾತು, ಒಡೆದದ್ದನ್ನು ಮುಚ್ಚಿಡುವುದಿಲ್ಲ. ನಾನು ‘ಚೂರುಚಿತ್ತಾರ’ ಎಂದು ಇಟ್ಟುಕೊಂಡಿದ್ದೇನೆ. ಮಡಕೆಯ ಚೂರಿಗೆ ‘ಬೋಕಿ’ ಎಂಬ ಮಾತೂ ಇದೆಯಲ್ಲ, ‘ಬೋಕಿಚಿತ್ತಾರ’ ಹೇಗೆ?

ಗ್ರೌಟ್‌ಗೂ ಒಂದು ಪದ ಬೇಕು. ತಟ್ಟೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಮೆಲ್ಲಗೆ ಒಡೆಯಬೇಕು. ಚೂರುಗಳನ್ನು ಅಂಟಿಸಿ ಒಂದು ದಿನ ಒಣಗಲು ಬಿಡಬೇಕು. ಆಮೇಲೆ ನೀರಿನಲ್ಲಿ ಕಲಸಿ ನಡುವಿನ ಸಂದುಗಳಿಗೆ ತುಂಬಿ, ಪೂರ್ತಿ ಗಟ್ಟಿಯಾಗುವ ಮೊದಲು ಮೇಲೆ ಉಳಿದದ್ದನ್ನು ಒದ್ದೆ ಸ್ಪಂಜಿನಿಂದ ಒರೆಸಿ ತೆಗೆಯುವ ಪುಡಿಯೇ ಗ್ರೌಟ್. ‘ಸಂದುಗಾರೆ’ ಎಂದರೆ ಕೆಲಸವೇ ಕಣ್ಣಿಗೆ ಕಟ್ಟುತ್ತದೆ ಅನಿಸುತ್ತದೆ. ಗಾರೆ ಕೆಲಸದವರಲ್ಲಿ ಇದಕ್ಕಿಂತ ಒಳ್ಳೆಯ ಮಾತು ಆಡುನುಡಿಯಲ್ಲಿದ್ದರೆ ನನ್ನದನ್ನು ಖುಷಿಯಿಂದ ಬಿಡುತ್ತೇನೆ.

ಕೊನೆಯದು ಸಿಮೆಂಟಿನ ಎಲೆ. ಒದ್ದೆ ಮರಳಿನ ಗುಡ್ಡೆಯ ಮೇಲೆ ಪ್ಲಾಸ್ಟಿಕ್ ಹಾಸಿ, ದೊಡ್ಡ ಎಲೆಯನ್ನು ನರ ಎದ್ದು ಕಾಣುವ ಬೆನ್ನು ಮೇಲಾಗಿ ಇಡಬೇಕು. ಮೇಲೆ ಸಿಮೆಂಟ್ ಗಾರೆ ಮೆತ್ತಿ, ಒಂದೆರಡು ದಿನ ಬಿಟ್ಟು ಎಲೆ ಸುಲಿದರೆ ಪ್ರತಿ ನರವೂ ಮೂಡಿರುತ್ತದೆ. ಹಕ್ಕಿಗಳಿಗೆ ನೀರಿಡಲು ಚೆಂದ. ಇದನ್ನು ‘ಎರಕ’ ಎನ್ನಲು ಮನಸ್ಸು ಬರುತ್ತಿಲ್ಲ. ಎರೆಯುವುದು ಎಂದರೆ ಸುರಿಯುವುದು, ಇಲ್ಲಿ ಸುರಿಯುವುದಿಲ್ಲ, ಮೆತ್ತುತ್ತೇವೆ. ‘ಎಲೆಯಚ್ಚು’ ಎಂದರೆ ಅಚ್ಚಾಗಿ ಬಳಸಿದ ಎಲೆಯೋ, ಮೂಡಿಬಂದ ಗುರುತೋ ಗೊತ್ತಾಗದು. ಸದ್ಯಕ್ಕೆ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

‘ಗೋಡೆಯ ಕಲೆ’ ಎಂದು ಮೊದಲ ಸಲ ಓದಿದಾಗ ನಿಮಗೆ ಏನು ಹೊಳೆಯಿತು ಎಂಬುದನ್ನು ದಯವಿಟ್ಟು ತಿಳಿಸಿ. ಯೋಚಿಸಿ ಬರೆಯುವುದು ಬೇಡ, ಮೊದಲು ಹೊಳೆದದ್ದೇ ಬೇಕು. ನಿಮ್ಮ ಕಡೆಯ ಮಾತುಗಳಿದ್ದರೆ ಅದನ್ನೂ ಕಳಿಸಿ.