ಹೊಸ ಕ್ಯಾರವಾನ್, ಮೊದಲ ಪ್ರಯಾಣ: ಏನೇನು ಒಯ್ಯಬೇಕು?

ಪ್ರಶ್ನೆ (ಬಳ್ಳಾರಿ): ಹೊಸ ಕ್ಯಾರವಾನ್ (ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಗಾಡಿ) ತಗೊಂಡು ಆನೆಗೊಂದಿ ಕಡೆ ಎರಡು ರಾತ್ರಿ, ನಾಲ್ಕು ಮಂದಿ. ಅಡುಗೆ ಸಾಮಾನು ಬಿಟ್ಟು ಏನು ಮರೀಬಾರದ್ರಿ?

ಗಂಗಾವತಿಯಿಂದ: ಮೊದಲು ವೈರ್, ಹೊರಗಿನ ಸಾಕೆಟ್‌ನಿಂದ ಗಾಡಿಗೆ ಕರೆಂಟ್ ತಗೊಳ್ಳಾಕ. 2.5 ಚದರ ಮಿ.ಮೀ. ತಾಮ್ರದ ಮೂರೆಳೆ ಕೇಬಲ್ 15 ಮೀಟರ್, 16 ಆಂಪ್ ಪ್ಲಗ್. ಸುರುಳಿ ಪೂರ್ತಿ ಬಿಚ್ರಿ. ಸುತ್ತಿಟ್ಟೇ ಎಸಿ ಹಾಕಿದ್ರೆ ಶಾಖ ಹೊರಗೆ ಹೋಗದೆ ಹೊದಿಕೆ ಕರಗತದ. ಅರ್ಥಿಂಗ್ ಇಲ್ಲದ ಸಾಕೆಟ್ ಬ್ಯಾಡವೇ ಬ್ಯಾಡ. ಫ್ಯೂಸ್ ಹೆಚ್ಚಿಗೆ ಇರಲಿ, ಅದೇ ಆಂಪ್‌ನವು.

ರಾಯಚೂರಿನಿಂದ: 5 ಕೆ.ಜಿ. ಗ್ಯಾಸ್ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಕಟ್ರಿ, ಗಾಡಿ ಹೊರಡೋ ಮುಂಚೆ ವಾಲ್ವ್ ಬಂದ್. ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರ್ತದೇನು ನೋಡ್ರಿ. ಹೊಸ ಟ್ಯಾಂಕಿನ ನೀರಿಗೆ ಪ್ಲಾಸ್ಟಿಕ್ ವಾಸನೆ ಇರ್ತದ, ತುಂಬಿ ಚೆಲ್ರಿ. ಕುಡಿಯೋಕೆ 20 ಲೀಟರ್ ಕ್ಯಾನ್ ಬೇರೆ.

ಗಂಗಾವತಿಯಿಂದ: ಹಾಂ, ಗಾಲಿಗೆ ಅಡ್ಡ ಇಡಾಕ ಕಟ್ಟಿಗೆ ತುಂಡು.