ಜೀನ್ ವರ್ಗಾವಣೆಯ ಅಳತೆ: ಒಂದೇ ಪ್ರಯೋಗಕ್ಕೆ ಎರಡು ಲೆಕ್ಕ ಬರುತ್ತಿರುವುದೇಕೆ?

ಪ್ರಶ್ನೆ: ವಿದ್ಯಾರ್ಥಿನಿ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪದವಿಯ ಪ್ರಾಜೆಕ್ಟಿಗಾಗಿ ಪ್ರಯೋಗಾಲಯದಲ್ಲಿ ಬೆಳೆಸುವ ಎಚ್‌ಇಕೆ 293ಟಿ ಎಂಬ ಮಾನವ ಕೋಶಗಳಿಗೆ, ಜೀನನ್ನು ಕೋಶದ ವರ್ಣತಂತುವಿಗೆ ಸೇರಿಸಬಲ್ಲ ಲೆಂಟಿವೈರಸ್ ಮೂಲಕ ಹಸಿರಾಗಿ ಹೊಳೆಯುವ ಜಿಎಫ್‌ಪಿ ಜೀನನ್ನು ಸೇರಿಸಿ, ಮೂರನೇ ದಿನ ಅಳತೆ ಮಾಡಿದ್ದೇನೆ. ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಶೇ 62ರಷ್ಟು ಕೋಶಗಳು ಹಸಿರಾಗಿ ಕಂಡವು. ಅದೇ ಕೋಶಗಳಿಂದ ಡಿಎನ್‌ಎ ತೆಗೆದು, ಆಲ್ಬುಮಿನ್ ಜೀನನ್ನು ಹೋಲಿಕೆಗೆ ಇಟ್ಟುಕೊಂಡು ಕ್ಯೂಪಿಸಿಆರ್ (ಡಿಎನ್‌ಎಯನ್ನು ಸುತ್ತು ಸುತ್ತಾಗಿ ಹೆಚ್ಚಿಸಿ ಜೀನಿನ ಪ್ರತಿಗಳನ್ನು ಅಳೆಯುವ ವಿಧಾನ) ಮಾಡಿದರೆ ಕೋಶವೊಂದಕ್ಕೆ ಸರಾಸರಿ ಜಿಎಫ್‌ಪಿಯ 9 ಪ್ರತಿಗಳು ಎಂಬ ಉತ್ತರ ಬಂದಿತು. ಮೂರು ಸಲ ಮಾಡಿದರೂ ಅಷ್ಟೇ. ಹದಿನಾಲ್ಕನೇ ದಿನದ ಕೋಶಗಳನ್ನೂ ತೆಗೆದು ಮೈನಸ್ 80ರಲ್ಲಿ ಇಟ್ಟಿದ್ದೇನೆ, ಇನ್ನೂ ಅಳೆದಿಲ್ಲ.

ತಿತಿಮತಿ ಕಡೆಯ ಹಾಡಿಗಳಲ್ಲಿ ಯರವ, ಜೇನುಕುರುಬ ಕುಟುಂಬಗಳನ್ನು ಕಾಡುವ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಆ ಕಾಯಿಲೆಗೆ ಲೆಂಟಿವೈರಸ್ ಬಳಸುವ ಜೀನ್ ಚಿಕಿತ್ಸೆಯೊಂದಕ್ಕೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದನ್ನು ಓದಿಯೇ ಈ ವಿಷಯವನ್ನು ಆರಿಸಿಕೊಂಡೆ. ಎರಡರಲ್ಲಿ ಯಾವ ಅಂಕಿಯನ್ನು ನಂಬಬೇಕು?

ಉತ್ತರ: ನಿವೃತ್ತ ಉಪನ್ಯಾಸಕ, ಮಡಿಕೇರಿ

ಶೇ 62 ಎಂಬುದು ಎಷ್ಟು ಕೋಶಗಳಿಗೆ ಜೀನ್ ತಲುಪಿತು ಎಂಬುದರ ಲೆಕ್ಕ. 9 ಎಂಬುದು ಕೋಶವೊಂದಕ್ಕೆ ಎಷ್ಟು ತಲುಪಿತು ಎಂಬುದರ ಲೆಕ್ಕ. ಎರಡೂ ಬೇರೆಯಾದರೂ ಒಂದರಿಂದ ಇನ್ನೊಂದನ್ನು ಅಂದಾಜು ಮಾಡಬಹುದು. ನಮ್ಮ ಕಾಫಿ ನರ್ಸರಿಯಲ್ಲಿ ಮಣ್ಣು ತುಂಬಿದ ನೂರು ಪ್ಯಾಕೆಟ್‌ಗಳನ್ನು ಜೋಡಿಸಿಟ್ಟು, ಒಂದೊಂದಕ್ಕೆ ಒಂದೊಂದು ಬೀಜ ಊರುವ ಬದಲು ನೂರು ಬೀಜಗಳನ್ನು ಕಣ್ಣುಮುಚ್ಚಿ ಎರಚಿದೆವು ಎನ್ನಿ: ಸುಮಾರು 37 ಪ್ಯಾಕೆಟ್ ಖಾಲಿ ಉಳಿಯುತ್ತವೆ, 37ರಲ್ಲಿ ಒಂದೊಂದು ಬೀಜ, 18ರಲ್ಲಿ ಎರಡೆರಡು, ಉಳಿದ ಎಂಟರಲ್ಲಿ ಮೂರು ಅಥವಾ ಹೆಚ್ಚು. ವೈರಸ್ ಊರುವುದಿಲ್ಲ, ಎರಚುತ್ತದೆ. ನಿಮ್ಮಲ್ಲಿ ಶೇ 38 ಕೋಶಗಳು ಖಾಲಿ ಉಳಿದಿರುವುದರಿಂದ ಸರಾಸರಿ ಒಂದರ ಆಸುಪಾಸಿನಲ್ಲಿರಬೇಕು. ಸರಾಸರಿ 9 ಇದ್ದಿದ್ದರೆ ಖಾಲಿ ಕೋಶ ಹತ್ತು ಸಾವಿರಕ್ಕೆ ಒಂದೋ ಎರಡೋ ಸಿಗುತ್ತಿತ್ತು.

ಹಾಗಾದರೆ ಹೆಚ್ಚಿನ ಎಂಟು ಎಲ್ಲಿಂದ ಬಂದವು? ವೈರಸ್ ತಯಾರಿಸುವಾಗ ಬಳಸಿದ ಪ್ಲಾಸ್ಮಿಡ್ (ಜೀನನ್ನು ಹೊತ್ತ ಉಂಗುರಾಕಾರದ ಡಿಎನ್‌ಎ) ವೈರಸ್ಸಿನ ದ್ರವದಲ್ಲಿ ಉಳಿದು ಕೋಶಗಳಿಗೆ ಅಂಟಿಕೊಂಡು ಬಂದಿರಬೇಕೆಂಬುದು ನನ್ನ ಬಲವಾದ ಅನುಮಾನ. ಅದರಲ್ಲೂ ಅದೇ ಜೀನ್ ಇರುವುದರಿಂದ ಕ್ಯೂಪಿಸಿಆರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ವರ್ಣತಂತುವಿಗೆ ಸೇರದೆ ಕೋಶದೊಳಗೆ ಬಿಡಿಯಾಗಿ ಉಳಿದ ವೈರಸ್ ಡಿಎನ್‌ಎ ಕೂಡ ಮೂರನೇ ದಿನ ಲೆಕ್ಕಕ್ಕೆ ಬಂದುಬಿಡುತ್ತದೆ. ಪರೀಕ್ಷೆ ಸುಲಭ: ಪ್ಲಾಸ್ಮಿಡ್‌ನಲ್ಲಿದ್ದು ವೈರಸ್ಸಿನೊಳಗೆ ಹೋಗದ ಆಂಪಿಸಿಲಿನ್ ನಿರೋಧಕ ಜೀನಿಗೆ ಪ್ರೈಮರ್ (ಆ ಜೀನನ್ನು ಗುರುತಿಸುವ ಸಣ್ಣ ಡಿಎನ್‌ಎ ತುಣುಕು) ಹಾಕಿ ನೋಡಿ, ಅದು ಕಂಡರೆ ಪ್ಲಾಸ್ಮಿಡ್ ಉಳಿದಿದೆ ಎಂದರ್ಥ. ಮುಂದಿನ ಸಲ ವೈರಸ್ಸನ್ನು ಕೋಶಗಳಿಗೆ ಹಾಕುವ ಮೊದಲೇ ಬಿಡಿ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವದಿಂದ ಶುದ್ಧಮಾಡಿ, ಬಿಸಿಮಾಡಿ ನಿಷ್ಕ್ರಿಯಗೊಳಿಸಿದ ವೈರಸ್ ಹಾಕಿದ ಕೋಶಗಳ ಒಂದು ಗುಳಿಯನ್ನೂ ಹೋಲಿಕೆಗೆ ಪಕ್ಕದಲ್ಲಿ ಇಡಿ.

ಉತ್ತರ: ಸಂಶೋಧಕಿ, ಮೂಲ ಊರು ಸೋಮವಾರಪೇಟೆ

ಸರ್ ಹೇಳಿದ್ದು ಸರಿಯಾಗಿದೆ. ಇನ್ನೊಂದು ಕಡೆ ಎಡವದಿರಿ. ಆಲ್ಬುಮಿನ್ ಜೀನ್ ಕೋಶಕ್ಕೆ ಎರಡೇ ಎಂದು ಹಿಡಿದು ಭಾಗಿಸಿದ್ದೀರಿ ಅನ್ನಿಸುತ್ತದೆ. ಎಚ್‌ಇಕೆ ಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆ ಸಾಮಾನ್ಯ ಮಾನವ ಕೋಶದ ಹಾಗಿಲ್ಲ. ಹಲವು ಜೀನ್‌ಗಳು ಮೂರು ಅಥವಾ ಹೆಚ್ಚು ಪ್ರತಿಗಳಲ್ಲಿರುತ್ತವೆ. ಒಂದೇ ಪ್ರತಿ ಸೇರಿದೆ ಎಂದು ಖಚಿತವಾದ ಎಚ್‌ಇಕೆ ಕೋಶಸಾಲೊಂದನ್ನು (ಒಂದೇ ಮೂಲದಿಂದ ಬೆಳೆಸಿದ ಕೋಶಗಳನ್ನು) ಅದೇ ಪ್ಲೇಟಿನಲ್ಲಿ ಓಡಿಸಿ, ಅದರ ಎದುರು ಅಳೆಯಿರಿ.

ಈ ಎಚ್ಚರಿಕೆ ಬರೀ ಪ್ರಾಜೆಕ್ಟಿನ ಅಂಕಗಳಿಗಾಗಿ ಅಲ್ಲ. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ 1999ರಿಂದ ಪ್ಯಾರಿಸ್‌ನಲ್ಲಿ ರೆಟ್ರೊವೈರಸ್ ಮೂಲಕ ಜೀನ್ ಚಿಕಿತ್ಸೆ ನಡೆದಾಗ, ಸೇರಿಸಿದ ಜೀನು ಎಲ್‌ಎಂಒ2 ಎಂಬ, ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಜೀನಿನ ಬಳಿ ಸೇರಿಕೊಂಡು ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಪ್ರತಿಗಳು ಹೆಚ್ಚಿದಷ್ಟೂ ತಪ್ಪು ಜಾಗದಲ್ಲಿ ಸೇರಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಇಬ್ಬರಿಗೂ ಧನ್ಯವಾದಗಳು. ಮೂರನೇ ದಿನದ ಮಾದರಿಯಲ್ಲಿ ಆಂಪಿಸಿಲಿನ್ ಜೀನಿನ ಗೆರೆ 23ನೇ ಸುತ್ತಿಗೇ ಮೇಲೆದ್ದಿತು (ಬೇಗ ಎದ್ದಷ್ಟೂ ಆ ಡಿಎನ್‌ಎ ಹೆಚ್ಚು ಇದೆ ಎಂದರ್ಥ). ಹದಿನಾಲ್ಕನೇ ದಿನದ್ದರಲ್ಲಿ 34ರವರೆಗೆ ನೆಲಕ್ಕಂಟಿಕೊಂಡೇ ಇತ್ತು. ಕೋಶಗಳು ಒಡೆದು ಒಡೆದು ಹೆಚ್ಚುತ್ತಾ ಹೋದಂತೆ ಪ್ಲಾಸ್ಮಿಡ್ ಹಂಚಿಹೋಗಿದೆ. ಹದಿನಾಲ್ಕನೇ ದಿನ ಜಿಎಫ್‌ಪಿ ಜೀನ್ ಕೋಶಕ್ಕೆ 0.7 ಎಂದು ಬಂದಿತು. ಇದು ಕಡಿಮೆಯಾಯಿತಲ್ಲ ಎಂದು ಗಾಬರಿಯಾದರೂ, ಮಾರ್ಗದರ್ಶಕರ ಬಳಿ ಇದ್ದ ಒಂದೇ ಪ್ರತಿಯ ಕೋಶಸಾಲನ್ನು ಅದೇ ಪ್ಲೇಟಿನಲ್ಲಿ ಓಡಿಸಿದಾಗ ಅದೂ 0.67 ಎಂದೇ ತೋರಿಸಿತು. ಅಂದರೆ ನಾನು ಎರಡು ಎಂದು ಹಿಡಿದಿದ್ದ ಆಲ್ಬುಮಿನ್ ಪ್ರತಿಗಳು ನಮ್ಮ ಕೋಶಗಳಲ್ಲಿ ಮೂರು ಇವೆ ಎಂದಾಯಿತು (ಎರಡನ್ನು ಮೂರರಿಂದ ಭಾಗಿಸಿದರೆ 0.67). 0.7ನ್ನು ಒಂದೂವರೆ ಪಟ್ಟು ಮಾಡಿ ಸರಿಪಡಿಸಿದರೆ ಸರಾಸರಿ 1.05. ಮೂರನೇ ದಿನದ 9ನ್ನು ಅಳಿಸಿಹಾಕದೆ, ಅದು ಏಕೆ ಬಂದಿತು ಎಂಬ ವಿವರಣೆಯೊಂದಿಗೆ ವರದಿಯಲ್ಲಿ ಸೇರಿಸುತ್ತಿದ್ದೇನೆ.